ಕತ್ತರಿ ಲಿಫ್ಟ್: ಮೇಲೇರುವ ಮುನ್ನ ಕೆಳಗೆ ನೋಡಿ

ಬೆಂಗಳೂರು: ಹೊಸ ಮಾಲ್ ಇರಲಿ, ಮೆಟ್ರೊ ನಿಲ್ದಾಣವಿರಲಿ, ಹೊರವಲಯದ ಗೋದಾಮೇ ಇರಲಿ, ಉದ್ಘಾಟನೆಗೆ ಎರಡು-ಮೂರು ತಿಂಗಳು ಬಾಕಿಯಿರುವಾಗ ಒಳಹೊಕ್ಕು ನೋಡಿದರೆ ಒಂದು ದೃಶ್ಯ ಕಾಣದೆ ಇರದು. ಬಾಗಿಲಿನಷ್ಟೇ ಅಗಲದ, ಕಿತ್ತಳೆಯೋ ನೀಲಿಯೋ ಬಣ್ಣದ ಯಂತ್ರವೊಂದು ಬೀಪ್ ಬೀಪ್ ಎಂದು ಸದ್ದು ಮಾಡುತ್ತ ತೆವಳಿಕೊಂಡು ಬರುತ್ತದೆ. ನಿಂತಲ್ಲೇ ಮಡಿಕೆಗಳನ್ನು ಬಿಚ್ಚಿಕೊಂಡು ಎದ್ದು, ಇಬ್ಬರು ಕಾರ್ಮಿಕರನ್ನು ಮೇಲ್ಛಾವಣಿಯ ಹತ್ತಿರಕ್ಕೆ ಒಯ್ಯುತ್ತದೆ. ಹವಾನಿಯಂತ್ರಣದ ನಾಳ, ಬೆಂಕಿ ನಂದಿಸುವ ನೀರಿನ ಪೈಪು, ವಿದ್ಯುತ್ ಕೇಬಲ್ಲಿನ ತಟ್ಟೆ, ದೀಪ, ಬಣ್ಣ ಹೀಗೆ ತಲೆಯ ಮೇಲಿನ ಕೆಲಸಗಳೆಲ್ಲ ಇಂದು ನಡೆಯುತ್ತಿರುವುದು ಬಹುಮಟ್ಟಿಗೆ ಈ ಯಂತ್ರದ ಮೇಲೆಯೇ. ತಾಂತ್ರಿಕ ಭಾಷೆಯಲ್ಲಿ ಇದು ಸಿಸರ್ ಲಿಫ್ಟ್. ಕನ್ನಡದಲ್ಲಿ ಕತ್ತರಿ ಲಿಫ್ಟ್ ಎಂದರೆ ತಪ್ಪಾಗದು.

ಅಂಗಡಿಗಳ ಮುಂದೆ ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಗೇಟನ್ನು ಎಲ್ಲರೂ ನೋಡಿದ್ದಾರೆ. ಪಟ್ಟಿಗಳು ಒಂದನ್ನೊಂದು ಅಡ್ಡಹಾಯ್ದು, ಮಧ್ಯದಲ್ಲಿ ಕೀಲು ಹೊಂದಿರುತ್ತವೆ. ಎಳೆದರೆ ಉದ್ದವಾಗುತ್ತವೆ, ನೂಕಿದರೆ ಮಡಚಿಕೊಳ್ಳುತ್ತವೆ. ಅದೇ ಗೇಟನ್ನು ಮಲಗಿಸದೆ ಮೇಲ್ಮುಖವಾಗಿ ನಿಲ್ಲಿಸಿ, ಬುಡದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಇಟ್ಟು, ತುದಿಯಲ್ಲಿ ಕಂಬಿ ಕಟ್ಟಿದ ವೇದಿಕೆ ಕೂರಿಸಿದರೆ ಕತ್ತರಿ ಲಿಫ್ಟ್ ಸಿದ್ಧ. ಪಂಪು ತೈಲವನ್ನು ಸಿಲಿಂಡರಿಗೆ ಒತ್ತಿದಾಗ ವೇದಿಕೆ ಏರುತ್ತದೆ. ಇಳಿಯುವಾಗ ಪಂಪಿನ ಅಗತ್ಯವೇ ಇಲ್ಲ. ಕವಾಟ ತೆರೆದರೆ ವೇದಿಕೆಯ ತೂಕವೇ ತೈಲವನ್ನು ಹಿಂದಕ್ಕೆ ತಳ್ಳುತ್ತದೆ. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಜೀವ ಉಳಿಸುವ ಪ್ರಶ್ನೆ ಬಂದಾಗ ಅದೇ ಕೆಲಸಕ್ಕೆ ಬರುತ್ತದೆ.

ಏಣಿ ಮತ್ತು ಬಿದಿರಿನ ಸಾರವೆಗಳಿಗೆ ಹೋಲಿಸಿದರೆ ಇದು ನಿಸ್ಸಂದೇಹವಾಗಿ ಸುರಕ್ಷಿತ. ನಾಲ್ಕೂ ಕಡೆ ಕಂಬಿ ಇದೆ, ನಿಲ್ಲಲು ಸಮತಟ್ಟಾದ ಜಾಗವಿದೆ, ಸಲಕರಣೆ ಇಟ್ಟುಕೊಳ್ಳಲು ಸ್ಥಳವಿದೆ. ನಡೆಸುವುದೂ ಸುಲಭ. ಒಂದು ಹಿಡಿಕೆ, ನಾಲ್ಕಾರು ಬಟನ್. ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಏರಿಸಿ ಇಳಿಸಬಲ್ಲರು. ತೊಡಕು ಆರಂಭವಾಗುವುದೂ ಈ ಸುಲಭತೆಯಲ್ಲಿಯೇ. ಬಟನ್ ಒತ್ತಲು ಬಂದವನಿಗೆ ಯಂತ್ರ ನಡೆಸಲು ಬಂತೆಂದು ಮೇಸ್ತ್ರಿ ಭಾವಿಸುತ್ತಾನೆ, ಕಾರ್ಮಿಕನೂ ಹಾಗೆಯೇ ಭಾವಿಸುತ್ತಾನೆ. ಆದರೆ ಈ ಯಂತ್ರದ ಅವಘಡಗಳು ಬಟನ್ ಒತ್ತಲು ಬಾರದ್ದರಿಂದ ಆಗುವುದು ಅಪರೂಪ. ನಿಂತ ನೆಲ, ಬೀಸುವ ಗಾಳಿ, ತಲೆಯ ಮೇಲಿನ ತೊಲೆ ಇವುಗಳನ್ನು ಏರುವ ಮೊದಲು ನೋಡದೆ ಇದ್ದುದರಿಂದಲೇ ಹೆಚ್ಚಿನವು ಸಂಭವಿಸುತ್ತವೆ.

ಮೈದಾನದಲ್ಲಿ ಉರುಳಿದ ಯಂತ್ರ

ಕತ್ತರಿ ಲಿಫ್ಟಿನ ಅಪಾಯದ ಮಾತು ಬಂದಾಗ ಸುರಕ್ಷತಾ ತರಬೇತಿಗಳಲ್ಲಿ ಆಗಾಗ ಉದಾಹರಿಸಲಾಗುವ ಪ್ರಕರಣವೊಂದು ಕಟ್ಟಡ ಸ್ಥಳದ್ದಲ್ಲ, ಆಟದ ಮೈದಾನದ್ದು. 2010ರ ಅಕ್ಟೋಬರ್ 27ರಂದು ಅಮೆರಿಕದ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ತಂಡದ ಅಭ್ಯಾಸ ನಡೆದಿತ್ತು. ಅದನ್ನು ಮೇಲಿನಿಂದ ಚಿತ್ರೀಕರಿಸಲು 20 ವರ್ಷದ ವಿದ್ಯಾರ್ಥಿಯೊಬ್ಬ ಕತ್ತರಿ ಲಿಫ್ಟ್ ಏರಿದ್ದ. ವೇದಿಕೆ ಸುಮಾರು 39 ಅಡಿ ಎತ್ತರದಲ್ಲಿತ್ತು. ಆ ದಿನ ಗಾಳಿ ಜೋರಾಗಿತ್ತು. ಗಂಟೆಗೆ 50 ಮೈಲಿ, ಅಂದರೆ 80 ಕಿಲೋಮೀಟರ್ ಮೀರಿದ ಹೊಡೆತವೊಂದಕ್ಕೆ ಯಂತ್ರ ಬುಡಸಮೇತ ಮಗುಚಿಕೊಂಡಿತು. ವಿದ್ಯಾರ್ಥಿ ಬದುಕುಳಿಯಲಿಲ್ಲ.

ತನಿಖೆ ನಡೆಸಿದ ರಾಜ್ಯದ ಔದ್ಯೋಗಿಕ ಸುರಕ್ಷತಾ ಇಲಾಖೆ 2011ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯಕ್ಕೆ 77,500 ಡಾಲರ್ ದಂಡ ವಿಧಿಸಿತು. ಚಿತ್ರೀಕರಣದ ವಿದ್ಯಾರ್ಥಿಗಳಿಗೆ ಸರಿಯಾದ ತರಬೇತಿ ನೀಡಿರಲಿಲ್ಲ, ಯಂತ್ರದ ತಪಾಸಣೆ ಕ್ರಮಬದ್ಧವಾಗಿ ನಡೆದಿರಲಿಲ್ಲ, ಎಚ್ಚರಿಕೆಯ ಚೀಟಿಗಳು ಓದಲಾಗದಷ್ಟು ಮಾಸಿದ್ದವು ಎಂಬ ಅಂಶಗಳು ಹೊರಬಂದವು. ಅತಿ ಆಧುನಿಕ ದೋಷ ಯಾವುದೂ ಇರಲಿಲ್ಲ ಎಂಬುದು ಗಮನಾರ್ಹ. ಇದಾದ ಬಳಿಕ ವಿಶ್ವವಿದ್ಯಾಲಯವು ಲಿಫ್ಟುಗಳನ್ನು ಕೈಬಿಟ್ಟು ಕಂಬಗಳ ಮೇಲೆ ದೂರನಿಯಂತ್ರಿತ ಕ್ಯಾಮೆರಾಗಳನ್ನು ಅಳವಡಿಸಿತು. ಮನುಷ್ಯನನ್ನು ಮೇಲೆ ಕಳಿಸುವ ಅಗತ್ಯವಿದೆಯೇ ಎಂಬ ಪ್ರಶ್ನೆಯನ್ನು ಅದಕ್ಕೂ ಮುಂಚೆ ಕೇಳಿದ್ದರೆ ಎಂದು ಅನ್ನಿಸದಿರದು.

ಓಶಾ ಎಂದೇ ಪರಿಚಿತವಾದ ಅಮೆರಿಕದ ಕೇಂದ್ರ ಸುರಕ್ಷತಾ ಸಂಸ್ಥೆ ಮುಂದೆ ಕತ್ತರಿ ಲಿಫ್ಟ್ ಕುರಿತೇ ಪ್ರತ್ಯೇಕ ಎಚ್ಚರಿಕೆ ಪತ್ರ ಹೊರಡಿಸಿತು. ಒಂದು ವರ್ಷದ ಅವಧಿಯಲ್ಲಿ ತಾನು ತನಿಖೆ ನಡೆಸಿದ 10 ಸಾವುಗಳು ಮತ್ತು 20ಕ್ಕೂ ಹೆಚ್ಚು ಗಾಯದ ಪ್ರಕರಣಗಳು ತಡೆಯಬಹುದಾಗಿದ್ದವು ಎಂದು ಅದು ಹೇಳಿದೆ.

ಗಾಳಿಯ ಲೆಕ್ಕ

ಬಯಲಿನಲ್ಲಿ ಬಳಸಲೆಂದೇ ತಯಾರಾದ ಕತ್ತರಿ ಲಿಫ್ಟುಗಳಿಗೂ ಸಾಮಾನ್ಯವಾಗಿ ಸೆಕೆಂಡಿಗೆ 12.5 ಮೀಟರ್ ಗಾಳಿಯ ಮಿತಿ ಇದೆ. ಗಂಟೆಗೆ 45 ಕಿಲೋಮೀಟರ್ ಎಂದು ತಿಳಿಯಬಹುದು. ಯುರೋಪಿನ ಮಾನದಂಡ ಹೇಳುವುದೂ ಇದನ್ನೇ, ಓಶಾ ಹೇಳುವ 28 ಮೈಲಿಯೂ ಇದೇ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ನೋಟರ್ ಡೇಮ್‌ನಲ್ಲಿ ಯಂತ್ರ ಎದುರಿಸಿದ ಒತ್ತಡ ಅದರ ಮಿತಿಯ ಮೂರು ಪಟ್ಟಿಗೂ ಹೆಚ್ಚಾಗಿತ್ತು ಎಂಬುದು ಈ ಸರಳ ಲೆಕ್ಕದಿಂದಲೇ ತಿಳಿಯುತ್ತದೆ.

ಈ 45 ಎಂಬ ಅಂಕಿಯನ್ನು ಕರ್ನಾಟಕದ ಹವಾಮಾನದ ಪಕ್ಕದಲ್ಲಿಟ್ಟು ನೋಡಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮುಂಗಾರು ಪೂರ್ವ ಮಳೆ ಬರುವಾಗ ಹವಾಮಾನ ಇಲಾಖೆ ನೀಡುವ ಮುನ್ಸೂಚನೆಯಲ್ಲಿ ಗುಡುಗು ಸಹಿತ ಮಳೆ, ಗಂಟೆಗೆ 40ರಿಂದ 50 ಕಿಲೋಮೀಟರ್ ವೇಗದ ಬಿರುಗಾಳಿ ಎಂಬ ಸಾಲು ಓದುಗರಿಗೆ ಬಾಯಿಪಾಠವಾಗಿದೆ. ಕತ್ತರಿ ಲಿಫ್ಟಿನ ಮಿತಿ ಸರಿಯಾಗಿ ಈ ಎರಡು ಅಂಕಿಗಳ ನಡುವೆ ಬೀಳುತ್ತದೆ. ಮಧ್ಯಾಹ್ನ ಮೂರರವರೆಗೆ ಎಲೆಯೂ ಅಲುಗದೆ, ನಾಲ್ಕಕ್ಕೆ ಮರಗಳು ಉರುಳುವ ಊರಿನಲ್ಲಿ ಬೆಳಿಗ್ಗೆ ನೋಡಿದ ಆಕಾಶವನ್ನು ನಂಬಿ ಸಂಜೆಯವರೆಗೆ ಮೇಲಿರುವುದು ಸಲ್ಲದು. ಗಾಳಿ ಅಳೆಯುವ ಅಂಗೈಯಗಲದ ಉಪಕರಣ ದುಬಾರಿಯಲ್ಲ, ಆದರೂ ಅದು ಇರುವ ಕಟ್ಟಡ ಸ್ಥಳಗಳು ವಿರಳ.

ಇನ್ನೊಂದು ವಿಚಾರ ಅನೇಕ ಮೇಲ್ವಿಚಾರಕರಿಗೂ ತಿಳಿದಿರುವುದಿಲ್ಲ. ಬ್ಯಾಟರಿಯಿಂದ ನಡೆಯುವ ಹಲವು ಸಣ್ಣ ಕತ್ತರಿ ಲಿಫ್ಟುಗಳು ಒಳಾಂಗಣಕ್ಕೆ ಮಾತ್ರ ಮೀಸಲು. ಅವುಗಳ ಫಲಕದಲ್ಲಿ ಅನುಮತಿಸಲಾದ ಗಾಳಿಯ ವೇಗ ಸೊನ್ನೆ ಎಂದೇ ಬರೆದಿರುತ್ತದೆ. ಇನ್ನು ಕೆಲವು, ಒಳಗೆ ಇಬ್ಬರನ್ನೂ ಹೊರಗೆ ಒಬ್ಬನನ್ನೂ ಹೊರಲು ಅನುಮತಿ ಪಡೆದಿರುತ್ತವೆ. ಹಾಗಾದರೆ ಒಳಾಂಗಣ ಎಂದರೇನು? ಮೇಲೆ ಸೂರು ಇದ್ದ ಮಾತ್ರಕ್ಕೆ ಒಳಾಂಗಣವಾಗದು. ಗೋಡೆ ಏಳದ, ಗಾಜು ಕೂರದ ಎಂಟನೇ ಮಹಡಿಯಲ್ಲಿ ಗಾಳಿ ಒಂದು ಬದಿಯಿಂದ ನುಗ್ಗಿ ಇನ್ನೊಂದು ಬದಿಗೆ ಹಾಯುತ್ತದೆ. ಕಂಬಗಳ ನಡುವೆ ಇರುಕಿದಷ್ಟೂ ಅದರ ರಭಸ ಹೆಚ್ಚುತ್ತದೆ. ಅಂತಹ ಮಹಡಿಯನ್ನು ಬಯಲೆಂದೇ ಪರಿಗಣಿಸಬೇಕು. ಅದರ ಮೇಲೆ ಕಾರ್ಮಿಕನ ಕೈಯಲ್ಲಿ ಎಂಟಡಿ ಉದ್ದದ ಜಿಪ್ಸಂ ಹಲಗೆಯೋ ತಗಡಿನ ಹಾಳೆಯೋ ಇದ್ದರೆ ಅದು ಹಾಯಿಯಂತೆ ವರ್ತಿಸುತ್ತದೆ. ಲಿಫ್ಟಿನ ಕಂಬಿಗೆ ಬ್ಯಾನರ್ ಕಟ್ಟುವ ಅಭ್ಯಾಸವೂ ಇದೇ ಕಾರಣಕ್ಕೆ ನಿಷಿದ್ಧ.

ಒಂದು ಸೆಂಟಿಮೀಟರ್ ಎಂದರೆ ಎಷ್ಟು?

ನೆಲದ ವಿಚಾರ ಇದಕ್ಕಿಂತಲೂ ಸೂಕ್ಷ್ಮವಾದುದು. ನಗರದ ಒಳಾಂಗಣ ಕೆಲಸಗಳಲ್ಲಿ ಹೆಚ್ಚಾಗಿ ಕಾಣುವ ಯಂತ್ರದ ಅಗಲ ಸುಮಾರು 75 ಸೆಂಟಿಮೀಟರ್, ವೇದಿಕೆಯ ಗರಿಷ್ಠ ಎತ್ತರ ಸುಮಾರು 6 ಮೀಟರ್. ಅಗಲದ ಎಂಟು ಪಟ್ಟು ಎತ್ತರ. ಒಂದು ಬದಿಯ ಚಕ್ರಗಳು ಒಂದೇ ಒಂದು ಸೆಂಟಿಮೀಟರ್ ತಗ್ಗಿದರೆ ಮೇಲಿನ ವೇದಿಕೆ ಎಂಟು ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಐದು ಸೆಂಟಿಮೀಟರ್ ಗುಂಡಿಗೆ ಚಕ್ರ ಇಳಿದರೆ ಏನಾದೀತೆಂದು ಊಹಿಸಬಹುದು. ಅದಕ್ಕಾಗಿಯೇ ತಯಾರಕರು ಓರೆ ಅಳೆಯುವ ಸಂವೇದಕ ಅಳವಡಿಸುತ್ತಾರೆ. ಸಾಮಾನ್ಯವಾಗಿ ಅಡ್ಡಕ್ಕೆ ಒಂದೂವರೆ ಡಿಗ್ರಿ, ಉದ್ದಕ್ಕೆ ಮೂರು ಡಿಗ್ರಿ ಮೀರಿದರೆ ಯಂತ್ರ ಕಿರುಚುತ್ತದೆ ಮತ್ತು ಏರಲು ನಿರಾಕರಿಸುತ್ತದೆ. ಒಂದೂವರೆ ಡಿಗ್ರಿ ಎಂಬುದು ಬರಿಗಣ್ಣಿಗೆ ಕಾಣದ ಓರೆ. ಸ್ನಾನಗೃಹದ ನೆಲಕ್ಕೆ ನೀರು ಹರಿಯಲೆಂದು ಕೊಡುವ ಇಳಿಜಾರು ಹೆಚ್ಚುಕಡಿಮೆ ಅಷ್ಟಿರುತ್ತದೆ.

ಈ ಕಿರುಚಾಟ ಕೆಲಸಕ್ಕೆ ಅಡ್ಡಿ ಎಂದು ಸಂವೇದಕದ ತಂತಿಯನ್ನೇ ಕಿತ್ತುಹಾಕುವ ಜಾಣರಿದ್ದಾರೆ. ಚಕ್ರದಡಿ ಇಟ್ಟಿಗೆಯನ್ನೋ ಮರದ ತುಂಡನ್ನೋ ಕೊಟ್ಟು ಮಟ್ಟ ಮಾಡುವವರು ಇನ್ನೂ ಹೆಚ್ಚು. ಎರಡೂ ಒಂದೇ ತೆರನಾದ ಅವಿವೇಕ. ಮೊದಲನೆಯದರಲ್ಲಿ ಎಚ್ಚರಿಸುವವನ ಬಾಯಿ ಕಟ್ಟಿದಂತೆ, ಎರಡನೆಯದರಲ್ಲಿ ಅವನಿಗೆ ಸುಳ್ಳು ಹೇಳಿದಂತೆ.

ತೂಕವೂ ಕಡೆಗಣಿಸುವಂಥದ್ದಲ್ಲ. ನೋಡಲು ಪುಟ್ಟದಾಗಿದ್ದರೂ ಈ ಯಂತ್ರ ಒಂದೂವರೆ ಟನ್ನಿನ ಆಸುಪಾಸು ತೂಗುತ್ತದೆ. ಬುಡ ಭಾರವಾಗಿದ್ದರೆ ಮಾತ್ರ ಮೇಲೆ ನಿಂತವನು ಕ್ಷೇಮ ಎಂಬುದೇ ಇದಕ್ಕೆ ಕಾರಣ. ಆ ಭಾರವೆಲ್ಲ ನಾಲ್ಕು ಪುಟ್ಟ ಗಟ್ಟಿ ರಬ್ಬರ್ ಚಕ್ರಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ವೇದಿಕೆ ಮೇಲಿದ್ದು ಭಾರ ಒಂದು ಕಡೆ ವಾಲಿದಾಗ ಒಂದೇ ಚಕ್ರದ ಮೇಲೆ ಅರ್ಧ ಟನ್ನಿನಷ್ಟು ಬೀಳಬಹುದು. ಹೊಸದಾಗಿ ಎರಕ ಹೊಯ್ದು ಇನ್ನೂ ಕೆಳಗಿನ ಆಧಾರ ತೆಗೆಯದ ಚಾವಣಿ, ಕೇಬಲ್ ಕಾಲುವೆಯ ಮುಚ್ಚಳ, ಕಚೇರಿಗಳಲ್ಲಿ ನೆಲದಿಂದ ಎತ್ತರಿಸಿ ಕೂರಿಸುವ ಹುಸಿ ನೆಲ, ಇವು ಯಾವುವೂ ಈ ಭಾರಕ್ಕೆಂದು ಲೆಕ್ಕ ಹಾಕಿದವಲ್ಲ. ಎಲ್ಲಕ್ಕಿಂತ ಅಪಾಯಕಾರಿಯಾದುದು ಪ್ಲೈವುಡ್. ಪೈಪು ಹಾಯಲೆಂದು ಚಾವಣಿಯಲ್ಲಿ ಬಿಟ್ಟ ಚೌಕಾಕಾರದ ಕಂಡಿಗಳನ್ನು ಜನ ಬೀಳದಿರಲೆಂದು ಪ್ಲೈವುಡ್ ಹಾಳೆಯಿಂದ ಮುಚ್ಚುತ್ತಾರೆ. ನಡೆಯುವವನಿಗೆ ಅದು ನೆಲ, ಲಿಫ್ಟಿಗೆ ಅದು ಗುಂಡಿ. ಅದರ ಮೇಲೆ ಸಿಮೆಂಟಿನ ಧೂಳು ಹರಡಿದರೆ ಕೆಳಗೆ ಏನಿದೆಯೆಂದು ಯಾರಿಗೂ ತಿಳಿಯದು.

ವೇದಿಕೆ ಮೇಲೇಳುತ್ತಿದ್ದಂತೆ ಚಕ್ರಗಳ ಬದಿಯಲ್ಲಿ ಎರಡು ಉಕ್ಕಿನ ಪಟ್ಟಿಗಳು ನೆಲದ ಹತ್ತಿರಕ್ಕೆ ಇಳಿಯುವುದನ್ನು ಗಮನಿಸಬಹುದು. ಚಕ್ರ ಗುಂಡಿಗೆ ಇಳಿದರೆ ಯಂತ್ರ ಆ ಪಟ್ಟಿಯ ಮೇಲೆ ಕುಳಿತು ಮಗುಚದಂತೆ ತಡೆಯುವುದು ಅವುಗಳ ಕೆಲಸ. ಕೆಳಗೆ ಬಿದ್ದಿರುವ ಕಬ್ಬಿಣದ ತುಂಡೋ ಗಾರೆಯ ಗಟ್ಟಿಯೋ ಅಡ್ಡ ಬಂದರೆ ಪಟ್ಟಿ ಇಳಿಯದು, ಯಂತ್ರವೂ ಒಂದು ಹಂತಕ್ಕಿಂತ ಮೇಲೆ ಹೋಗದು. ಆದ್ದರಿಂದ ಲಿಫ್ಟ್ ಓಡಾಡುವ ದಾರಿಯನ್ನು ಪೊರಕೆ ಹಿಡಿದು ಗುಡಿಸುವುದು ಅಂದಚಂದದ ಕೆಲಸವಲ್ಲ, ಸುರಕ್ಷತೆಯ ಮೊದಲ ಕೆಲಸ. ಗುಡಿಸಿದ ಮೇಲೆ ಯಾರಾದರೊಬ್ಬರು ಆ ದಾರಿಯಲ್ಲಿ ನಡೆದು, ಪ್ರತಿ ಮುಚ್ಚಳವನ್ನೂ ಎತ್ತಿ ನೋಡಿ, ಕಂಡಿಗಳ ಸುತ್ತ ಬಣ್ಣದಿಂದ ಗುರುತು ಹಾಕಬೇಕು.

ಏರಿದ ಸ್ಥಿತಿಯಲ್ಲೇ ಯಂತ್ರವನ್ನು ಚಲಾಯಿಸಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸಣ್ಣ ವಿದ್ಯುತ್ ಲಿಫ್ಟುಗಳು ಅದಕ್ಕೆ ಅವಕಾಶ ಕೊಡುತ್ತವೆ. ಮಡಚಿದಾಗ ಗಂಟೆಗೆ 4 ಕಿಲೋಮೀಟರ್ ಸಾಗುವ ಯಂತ್ರ ಏರಿದಾಗ 0.8 ಕಿಲೋಮೀಟರಿಗೆ ತಾನಾಗಿಯೇ ಇಳಿಯುತ್ತದೆ. ಅವಕಾಶವಿದೆ ಎಂದ ಮಾತ್ರಕ್ಕೆ ಬಳಸಲೇಬೇಕೆಂದಿಲ್ಲ. ದಾರಿ ಗಟ್ಟಿಯಾಗಿದೆ, ಮಟ್ಟವಾಗಿದೆ, ಮೇಲೆ ಅಡಚಣೆ ಇಲ್ಲ ಎಂಬುದು ಖಚಿತವಿದ್ದು, ತಯಾರಕರ ಕೈಪಿಡಿಯೂ ಒಪ್ಪಿದಾಗ ನಾಲ್ಕು ಹೆಜ್ಜೆ ಸರಿಸುವುದು ಬೇರೆ. ಇಳಿದು ಏರುವ ಒಂದು ನಿಮಿಷ ಉಳಿಸಲೆಂದು ಸಭಾಂಗಣದ ಉದ್ದಕ್ಕೂ ಮೇಲಿಂದಲೇ ಓಡಿಸುವುದು ಬೇರೆ.

ತಲೆಯ ಮೇಲಿನ ತೊಲೆ

ಮಗುಚುವುದು ಎಲ್ಲರ ಕಣ್ಣಿಗೂ ಬೀಳುವ ಅಪಾಯ. ಸದ್ದಿಲ್ಲದೆ ಬರುವ ಇನ್ನೊಂದಿದೆ. ವೇದಿಕೆ ಏರುತ್ತಿರುವಾಗಲೋ, ಏರಿದ ವೇದಿಕೆಯನ್ನು ಹಿಂದೆ ಸರಿಸುವಾಗಲೋ ಮೇಲಿನ ತೊಲೆ ಅಥವಾ ಪೈಪು ಹಾಗೂ ಲಿಫ್ಟಿನ ಕಂಬಿಯ ನಡುವೆ ಕಾರ್ಮಿಕ ಸಿಲುಕುವುದು. ಆತನ ದೃಷ್ಟಿ ಕೈಯಲ್ಲಿರುವ ಹಿಡಿಕೆಯ ಮೇಲೋ ಕೆಳಗಿನ ಚಕ್ರದ ಮೇಲೋ ಇರುತ್ತದೆ. ಬೆನ್ನ ಹಿಂದಿನಿಂದ ತೊಲೆ ಬಂದು ಕುತ್ತಿಗೆಗೆ ತಾಗುತ್ತದೆ. ಆತ ಮುಂದಕ್ಕೆ ಬಾಗುತ್ತಾನೆ, ಬಾಗಿದ ಎದೆ ಹಿಡಿಕೆಯನ್ನೇ ಒತ್ತುತ್ತದೆ, ಯಂತ್ರ ಇನ್ನಷ್ಟು ಚಲಿಸುತ್ತದೆ. ಬಟನ್ ಬಿಟ್ಟರೆ ನಿಲ್ಲುವಂತೆ ರೂಪಿಸಿದ ಯಂತ್ರವನ್ನು ಬಿಡಲು ಆತನಿಗೆ ಆಗದೆ ಹೋಗುತ್ತದೆ. ಕೂಗಲೂ ಆಗದು. ಕೆಳಗಿರುವವರಿಗೆ ಆತ ಬಗ್ಗಿ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ.

ಹಾಗಾಗಿ ಹಿಡಿಕೆ ಮುಟ್ಟುವ ಮೊದಲು ಮೇಲೆ, ಹಿಂದೆ, ಎಡಬಲಕ್ಕೆ ಒಮ್ಮೆ ಕಣ್ಣು ಹಾಯಿಸುವುದು ಶಿಷ್ಟಾಚಾರವಲ್ಲ, ಅವಶ್ಯಕತೆ. ಸಾಗುವ ದಿಕ್ಕಿಗೇ ಮುಖ ಮಾಡಿ ನಿಲ್ಲಬೇಕು. ತೊಲೆಗಳ ನಡುವಿನ ಇಕ್ಕಟ್ಟಿನಲ್ಲಿ ವೇಗದ ಗುಂಡಿಯನ್ನು ಆಮೆಯ ಚಿತ್ರಕ್ಕೆ ತಿರುಗಿಸಬೇಕು. ಮೊಲ ಮತ್ತು ಆಮೆಯ ಚಿತ್ರಗಳು ಬಹುತೇಕ ಯಂತ್ರಗಳ ಮೇಲಿದ್ದು, ಓದಲು ಬಾರದವರಿಗೂ ಅರ್ಥವಾಗುತ್ತವೆ. ಕಂಬಿಯಿಂದ ಹೊರಗೆ ಕೈ, ತಲೆ ಚಾಚಿಕೊಂಡು ಚಲಾಯಿಸಕೂಡದು.

ಹೊರಗೆ ಕೆಲಸ ಮಾಡುವಾಗ ಪ್ರಶ್ನೆ ತೊಲೆಯದ್ದಲ್ಲ, ತಂತಿಯದ್ದು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ 11 ಸಾವಿರ ವೋಲ್ಟ್ ತಂತಿ ಕಟ್ಟಡದ ಬಗಲಲ್ಲೇ ಹಾದುಹೋಗುವುದು ಹೊಸದೇನಲ್ಲ. ಕತ್ತರಿ ಲಿಫ್ಟ್ ಅಡಿಯಿಂದ ಮುಡಿಯವರೆಗೆ ಉಕ್ಕು, ಅದರಲ್ಲಿ ವಿದ್ಯುತ್ ನಿರೋಧಕ ಯಾವುದೂ ಇಲ್ಲ. ತಂತಿಯನ್ನು ಮುಟ್ಟಲೇಬೇಕೆಂದೂ ಇಲ್ಲ, ತೀರಾ ಹತ್ತಿರವಾದರೆ ವಿದ್ಯುತ್ ಗಾಳಿಯನ್ನು ಹಾಯ್ದು ಜಿಗಿಯಬಲ್ಲದು. ಕನಿಷ್ಠ 10 ಅಡಿ, ಅಂದರೆ 3 ಮೀಟರ್ ಅಂತರ ಇರಲೇಬೇಕೆಂಬುದು ಓಶಾ ನಿಯಮ. ಈ ಅಂತರವನ್ನು ಯಂತ್ರದಿಂದ ಅಳೆದರೆ ಸಾಲದು, ಕಾರ್ಮಿಕ ಕೈಯಲ್ಲಿ ಹಿಡಿದ ಪೈಪಿನ ತುದಿಯಿಂದ ಅಳೆಯಬೇಕು. ಅಷ್ಟು ಜಾಗ ಸಿಗದಿದ್ದರೆ ವಿದ್ಯುತ್ ಕಂಪನಿಯಿಂದ ಮಾರ್ಗ ಸ್ಥಗಿತಗೊಳಿಸಿಕೊಂಡೇ ಕೆಲಸ ಆರಂಭಿಸಬೇಕು.

ಬೆಲ್ಟ್ ಎಲ್ಲಿಗೆ ಕಟ್ಟಬೇಕು?

ಎತ್ತರದ ಕೆಲಸ ಎಂದೊಡನೆ ಬೆಲ್ಟ್ ಎನ್ನುವುದು ನಮ್ಮ ಕಟ್ಟಡ ಸ್ಥಳಗಳ ರೂಢಿ. ಕತ್ತರಿ ಲಿಫ್ಟಿನಲ್ಲಿ ಬೀಳದಂತೆ ಕಾಯುವ ಮೊದಲ ರಕ್ಷಣೆ ಬೆಲ್ಟ್ ಅಲ್ಲ, ಸುತ್ತಲಿನ ಕಂಬಿ. ಕಂಬಿಯ ಪಿನ್ನುಗಳೆಲ್ಲ ಕೂತಿರಬೇಕು, ಬಾಗಿಲು ಅಥವಾ ಸರಪಳಿ ಹಾಕಿರಬೇಕು, ಎರಡೂ ಪಾದಗಳು ವೇದಿಕೆಯ ಮೇಲಿರಬೇಕು. ಇನ್ನೊಂದಡಿ ಎಟುಕಲೆಂದು ಮಧ್ಯದ ಕಂಬಿಯ ಮೇಲೆ ಕಾಲಿಡುವುದು, ವೇದಿಕೆಯ ಮೇಲೊಂದು ಬಣ್ಣದ ಡಬ್ಬ ಬೋರಲು ಹಾಕಿ ನಿಲ್ಲುವುದು, ಸ್ಟೂಲು ಇಡುವುದು ನಿತ್ಯದ ದೃಶ್ಯಗಳು. ಆ ಕ್ಷಣದಲ್ಲಿ ಸೊಂಟದ ಎತ್ತರದ ಕಂಬಿ ಮೊಣಕಾಲಿನ ಎತ್ತರಕ್ಕೆ ಇಳಿದಿರುತ್ತದೆ, ಅಂದರೆ ಇಲ್ಲದಂತೆಯೇ. ಎಟುಕದಿದ್ದರೆ ಬೇಕಾದದ್ದು ಡಬ್ಬವಲ್ಲ, ದೊಡ್ಡ ಲಿಫ್ಟು.

ಉದ್ದನೆಯ ತೋಳು ಚಾಚುವ ಬೂಮ್ ಲಿಫ್ಟಿನಲ್ಲಿ ಬೆಲ್ಟ್ ಅನಿವಾರ್ಯ. ಆ ಯಂತ್ರ ತುಸು ಕುಲುಕಿದರೂ ಮೇಲಿದ್ದವನನ್ನು ಕವಣೆಯಂತೆ ಎಸೆಯಬಲ್ಲದು. ಕತ್ತರಿ ಲಿಫ್ಟಿನಲ್ಲಿ ತಯಾರಕರೋ ಕಟ್ಟಡ ಸ್ಥಳದ ನಿಯಮವೋ ಬೆಲ್ಟ್ ಕೇಳಿದರೆ ಧರಿಸಲೇಬೇಕು. ಆದರೆ ಹಗ್ಗ ಗಿಡ್ಡದಾಗಿರಬೇಕು, ಕಂಬಿ ದಾಟದಂತೆ ತಡೆಯುವಷ್ಟೇ ಇರಬೇಕು. ಅದನ್ನು ವೇದಿಕೆಯಲ್ಲಿ ತಯಾರಕರು ಗುರುತಿಸಿದ ಕೊಂಡಿಗೆ ಮಾತ್ರ ಸಿಕ್ಕಿಸಬೇಕು. ಮೇಲಿನ ಕಂಬಿಗೆ ಕಟ್ಟುವುದು ತಪ್ಪು. ಕಟ್ಟಡದ ತೊಲೆಗೆ ಕಟ್ಟುವುದು ಅದಕ್ಕಿಂತ ದೊಡ್ಡ ತಪ್ಪು. ಲಿಫ್ಟ್ ಇಳಿದರೆ, ಸರಿದರೆ ಮನುಷ್ಯ ತೊಲೆಗೆ ನೇತಾಡುತ್ತಾನೆ.

ಭಾರದ ಮಿತಿಯನ್ನು ಪ್ರತಿ ಯಂತ್ರದ ಮೇಲೂ ಬರೆದಿರುತ್ತದೆ. 6 ಮೀಟರ್ ದರ್ಜೆಯ ಸಾಮಾನ್ಯ ಯಂತ್ರಕ್ಕೆ ಅದು 227 ಕಿಲೋ. ಇಬ್ಬರು ಮನುಷ್ಯರು ಮತ್ತು ಸಲಕರಣೆಯ ಚೀಲಕ್ಕೆ ಸರಿಹೋಗುತ್ತದೆ, ಎರಡು ಉಕ್ಕಿನ ಪೈಪು ಸೇರಿದರೆ ಮೀರುತ್ತದೆ. ಮುಂದಕ್ಕೆ ಚಾಚುವ ಹಲಗೆಯ ಮಿತಿ ಅದರ ಅರ್ಧದಷ್ಟು ಮಾತ್ರ. ಇಬ್ಬರೂ ಚಾಚುಹಲಗೆಯ ತುದಿಗೆ ಬಂದು ನಿಲ್ಲುವುದು ಆ ಮಿತಿ ದಾಟಿದಂತೆಯೇ. ಸಾಮಾನು ಎತ್ತಲು ಕಂಬಿಗೆ ರಾಟೆ ಕಟ್ಟುವವರಿಗೆ ಒಂದೇ ಮಾತು: ಇದು ಕ್ರೇನ್ ಅಲ್ಲ.

ಬೆಳಗಿನ ಹತ್ತು ನಿಮಿಷ

ದಿನದ ಕೆಲಸ ಆರಂಭಿಸುವ ಮುನ್ನ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು. ನೆಲದ ಮೇಲೆ ತೈಲದ ಕಲೆ ಇದೆಯೇ, ಚಕ್ರ ಸೀಳಿದೆಯೇ, ಕತ್ತರಿ ತೋಳುಗಳ ಕೀಲಿನಲ್ಲಿ ಬಿರುಕಿದೆಯೇ, ಎಚ್ಚರಿಕೆಯ ಚೀಟಿಗಳನ್ನು ಓದಬಹುದೇ ಎಂಬುದನ್ನು ನೋಡಬೇಕು. ಬಳಿಕ ಮೊದಲು ಕೆಳಗಿನ ನಿಯಂತ್ರಣದಿಂದ ಖಾಲಿ ವೇದಿಕೆಯನ್ನು ಏರಿಸಿ ಇಳಿಸಿ, ಆಮೇಲೆ ಮೇಲೇರಿ ಅಲ್ಲಿನ ನಿಯಂತ್ರಣ, ಬ್ರೇಕ್, ಎರಡೂ ಕಡೆಯ ಕೆಂಪು ತುರ್ತು ಬಟನ್ ಪರೀಕ್ಷಿಸಬೇಕು. ಏರಿಸಿದ ಕತ್ತರಿಯೊಳಗೆ ಕೈ ಹಾಕಿ ನೋಡುವ ಪ್ರಸಂಗ ಬಂದರೆ ಉಕ್ಕಿನ ಆಧಾರ ತೋಳನ್ನು ಇಳಿಸಿ ಭದ್ರಪಡಿಸದೆ ಹಾಕಕೂಡದು. ರಾತ್ರಿ ಚಾರ್ಜ್ ಮಾಡುವ ಸ್ಥಳಕ್ಕೆ ಗಾಳಿಯಾಡುವಂತಿರಬೇಕು, ಸೀಸದ ಬ್ಯಾಟರಿಗಳು ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬಿಡುತ್ತವೆ. ಬೀಡಿ ಸೇದುವವರು ಅಲ್ಲಿಂದ ದೂರವಿದ್ದರೆ ಲೇಸು.

ಹೇಳಿಕೊಡುವವರಾರು?

ಎತ್ತರದ ವೇದಿಕೆ ಯಂತ್ರಗಳ ಚಾಲಕರಿಗೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ನಡೆಸಿ ಐದು ವರ್ಷದ ಅವಧಿಯ ಕಾರ್ಡ್ ನೀಡುವ ಐಪಾಫ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ 1983ರಿಂದಲೂ ಇದೆ. ಕಾರ್ಡ್ ಇದ್ದವನಿಗೂ ಹೊಸ ಮಾದರಿಯ ಯಂತ್ರ ಕೊಟ್ಟಾಗ ಅದರ ಪರಿಚಯವನ್ನು ಪ್ರತ್ಯೇಕವಾಗಿ ಮಾಡಿಕೊಡಬೇಕೆಂಬುದು ಈ ಕ್ಷೇತ್ರದ ಒಪ್ಪಿತ ಪದ್ಧತಿ. ನಮ್ಮಲ್ಲಿ ಯಂತ್ರ ಬಹುತೇಕ ಬಾಡಿಗೆಯದು. ಲಾರಿಯಿಂದ ಇಳಿಸಿದವನು ಮೇಸ್ತ್ರಿಗೆ ತೋರಿಸುತ್ತಾನೆ, ಮೇಸ್ತ್ರಿ ಕೆಲಸಗಾರನಿಗೆ ತೋರಿಸುತ್ತಾನೆ, ಆತ ಊಟಕ್ಕೆ ಹೋದಾಗ ಜೊತೆಗಾರ ಏರುತ್ತಾನೆ. ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ, ಮೇಲಿರುವವನು ಯಾದಗಿರಿಯವನೋ, ಬಿಹಾರದವನೋ, ಒಡಿಶಾದವನೋ ಆಗಿರುತ್ತಾನೆ. ಕನ್ನಡ, ಹಿಂದಿ, ಒಡಿಯಾದಲ್ಲಿ ಒಂದು ಪುಟದ ಚಿತ್ರಸಹಿತ ಸೂಚನೆಯನ್ನು ಯಂತ್ರಕ್ಕೆ ಅಂಟಿಸಲು ಬಾಡಿಗೆ ಕಂಪನಿಗಳಿಗೆ ಹೆಚ್ಚಿನ ಖರ್ಚೇನೂ ತಗುಲದು.

ಕಾನೂನು ಇಲ್ಲವೆಂದಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಬಂದಿದೆ. ಅದರ ಪ್ರಕಾರ 250 ಅಥವಾ ಹೆಚ್ಚು ಕಾರ್ಮಿಕರಿರುವ ನಿರ್ಮಾಣ ಕಾಮಗಾರಿಗೆ ಸುರಕ್ಷತಾ ಅಧಿಕಾರಿ ಇರಬೇಕು. ಹಿಂದಿನ ಕೇಂದ್ರ ನಿಯಮಗಳಲ್ಲಿ ಈ ಸಂಖ್ಯೆ 500 ಇತ್ತಾದ್ದರಿಂದ ಇದು ಸುಧಾರಣೆಯೇ. ಆದರೆ ಕತ್ತರಿ ಲಿಫ್ಟ್ ಹೆಚ್ಚು ದುಡಿಯುವುದು ಕಟ್ಟಡ ಎದ್ದ ನಂತರದ ಒಳಾಂಗಣ ಕೆಲಸಗಳಲ್ಲಿ. ಇಪ್ಪತ್ತು-ಮೂವತ್ತು ಜನರ ಸಣ್ಣ ಗುತ್ತಿಗೆ, ಒಂದು ಮಹಡಿ, ಒಂದು ತಿಂಗಳ ಗಡುವು. ಅಲ್ಲಿಗೆ ಸುರಕ್ಷತಾ ಅಧಿಕಾರಿ ಕಾನೂನಿನ ಬಲದಿಂದ ಬರುವುದಿಲ್ಲ. ಬಾಡಿಗೆಗೆ ಕೊಟ್ಟವನ, ತೆಗೆದುಕೊಂಡವನ ಮತ್ತು ಕಟ್ಟಡದ ಮಾಲೀಕನ ವಿವೇಚನೆಗೇ ಎಲ್ಲವೂ ಬಿಟ್ಟದ್ದು.

ಕೆಳಗೆ ನಿಂತವನು

ಮೇಲೆ ಇಬ್ಬರಿದ್ದರೆ ಕೆಳಗೆ ಒಬ್ಬನಿರಬೇಕು. ಆತನ ಕೆಲಸ ದಾರಿಹೋಕರನ್ನು ತಡೆಯುವುದಷ್ಟೇ ಎಂಬ ಕಲ್ಪನೆ ಇದೆ. ಸುತ್ತ ಪಟ್ಟಿ ಕಟ್ಟಿ ಜನರನ್ನು ದೂರವಿಡುವುದು, ಫೋರ್ಕ್‌ಲಿಫ್ಟ್, ಟ್ರಾಲಿಗಳು ಬಡಿಯದಂತೆ ನೋಡಿಕೊಳ್ಳುವುದು ಆತನ ಕೆಲಸ ಹೌದು. ಮುಖ್ಯವಾದ ಕೆಲಸ ಬೇರೆಯೇ ಇದೆ. ಮೇಲಿದ್ದವನು ಸಿಲುಕಿಕೊಂಡಾಗ ಅಥವಾ ಪ್ರಜ್ಞೆ ತಪ್ಪಿದಾಗ ಆತನನ್ನು ಇಳಿಸಬಲ್ಲವನು ಕೆಳಗಿರುವ ಈ ಒಬ್ಬನೇ.

ಯಂತ್ರದ ಬುಡದಲ್ಲಿ ಒಂದು ಚಾವಿ ಇದೆ. ಅದನ್ನು ನೆಲದ ಕಡೆಗೆ ತಿರುಗಿಸಿದರೆ ಮೇಲಿನ ಹಿಡಿಕೆಯ ಅಧಿಕಾರ ಕೊನೆಗೊಂಡು ಕೆಳಗಿನ ಬಟನ್ನುಗಳಿಗೆ ಬರುತ್ತದೆ. ಎದೆ ಹಿಡಿಕೆಯನ್ನು ಒತ್ತುತ್ತಿದ್ದರೂ ಯಂತ್ರ ಆಗ ಕೇಳುವುದು ಕೆಳಗಿನವನ ಮಾತನ್ನೇ. ಬ್ಯಾಟರಿ ಸತ್ತಿದ್ದರೆ ಬುಡದಲ್ಲೇ ಇರುವ ತುರ್ತು ಇಳಿಕೆಯ ಗುಬಟನ್ನು ಎಳೆಯಬೇಕು. ಕವಾಟ ತೆರೆದು ವೇದಿಕೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ವಿದ್ಯುತ್ ಬೇಕಿಲ್ಲ. ಎಳೆಯುವ ಮುನ್ನ ಒಂದು ಕ್ಷಣ ನೋಡಬೇಕಾದುದೂ ಇದೆ. ಮನುಷ್ಯ ತೊಲೆಯ ಕೆಳಗೆ ಸಿಲುಕಿದ್ದರೆ ಇಳಿಸುವುದು ಸರಿ. ಕೈಯೋ ಭುಜವೋ ತೊಲೆಯ ಮೇಲ್ಭಾಗ ಹಾಗೂ ಕಂಬಿಯ ನಡುವೆ ಸಿಕ್ಕಿದ್ದರೆ ಇಳಿಸಿದಾಗ ಇನ್ನಷ್ಟು ಜಜ್ಜುತ್ತದೆ, ಆಗ ಏರಿಸಬೇಕು ಅಥವಾ ಹಿಂದೆ ಸರಿಸಬೇಕು.

ಈ ಗುಬಟು ಎಲ್ಲಿದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಕೆಲವದರಲ್ಲಿ ಏಣಿಯ ಪಕ್ಕ, ಕೆಲವದರಲ್ಲಿ ಬದಿಯ ಮುಚ್ಚಳದ ಹಿಂದೆ. ಯಂತ್ರವನ್ನು ಆ ಬದಿ ಗೋಡೆಗೆ ಒತ್ತಿ ನಿಲ್ಲಿಸಿದ್ದರೆ, ಅಥವಾ ಕಳವಿನ ಭಯಕ್ಕೆ ಮುಚ್ಚಳಕ್ಕೆ ಬೀಗ ಜಡಿದಿದ್ದರೆ ಗೊತ್ತಿದ್ದೂ ಪ್ರಯೋಜನವಿಲ್ಲ. ಸಿಲುಕಿದವನ ಎದೆ ಒತ್ತಿಹೋಗಿದ್ದರೆ ಉಸಿರಿಗೆ ಉಳಿದಿರುವುದು ಕೆಲವೇ ನಿಮಿಷ. ಚಾವಿ ಮೇಸ್ತ್ರಿಯ ಜೇಬಿನಲ್ಲಿದ್ದು ಮೇಸ್ತ್ರಿ ಮೂರನೇ ಮಹಡಿಯಲ್ಲಿದ್ದರೆ ಆ ನಿಮಿಷಗಳು ಮೆಟ್ಟಿಲಿನಲ್ಲೇ ಕಳೆದುಹೋಗುತ್ತವೆ. ಹೀಗಾಗಿ ಬೆಳಗಿನ ತಪಾಸಣೆಯಲ್ಲಿ ವೇದಿಕೆಯನ್ನು ಒಂದಾಳೆತ್ತರಕ್ಕೆ ಏರಿಸಿ, ಆ ದಿನ ಕೆಳಗೆ ನಿಲ್ಲುವವನ ಕೈಯಿಂದಲೇ ಗುಬಟು ಎಳೆಸಿ ಒಮ್ಮೆ ಇಳಿಸಿ ನೋಡಬೇಕು. ಇದಕ್ಕೆ ಬೇಕಾಗುವುದು ಅರ್ಧ ನಿಮಿಷ. ಮಧ್ಯಾಹ್ನ ಆತನ ಜಾಗಕ್ಕೆ ಬೇರೊಬ್ಬ ಬಂದರೆ ಅವನ ಕೈಯಿಂದಲೂ ಇನ್ನೊಮ್ಮೆ.